‘ಬತ್ತೆ’ ಎಂದವರ ನಿಲುಗಡೆ

ಕಡಲೇರಿನ ನೂರಾ ಹತ್ತನೇ ವರ್ಷ,
ಹದಿಮೂರನೇ ತಿಂಗಳು, ನೀರು ಇಳಿಯುವ ಹೊತ್ತು.
ಏರುಗಾಡಿಯ ಕಿಟಕಿ ಪಕ್ಕದಿಂದ.

ಇದೇ ದಾರಿಯಲ್ಲಿ ನಮಗಿಂತ ಮೊದಲು ಓಡಾಡಿ, ಕಿಟಕಿ ಪಕ್ಕದ ಸೀಟಿಗಾಗಿ ಜಗಳವಾಡಿದ ಹಿರಿಯರಿಗೆ ಜುವಾನಿ ಸಿದ್ದಿ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ಬೆರಳು ಮಡಚುತ್ತ ಕೂರಬೇಡಿ. ನಿಮ್ಮ ಕ್ಯಾಲೆಂಡರಿಗೂ ನಮ್ಮದಕ್ಕೂ ತಾಳೆಯಾಗುವುದಿಲ್ಲ. ಸಮುದ್ರ ಮೇಲೇರಿ ಹಳೆಯ ಕರಾವಳಿಯನ್ನು ನುಂಗಿದ ವರ್ಷದಿಂದ ನಾವು ಲೆಕ್ಕ ಶುರು ಮಾಡಿದ್ದೇವೆ. ನಿಮ್ಮ ಹನ್ನೆರಡು ತಿಂಗಳುಗಳಿಂದ ಒಂದಿಷ್ಟು ದಿನ ಕಿತ್ತುಕೊಂಡು ಹದಿಮೂರನೆಯದನ್ನೂ ಮಾಡಿಕೊಂಡಿದ್ದೇವೆ. ಅದರ ಹೆಸರು ಬಿಡುವು. ಬಿಡುವಿನಲ್ಲಿ ಯಾರೂ ದುಡಿಯುವಂತಿಲ್ಲ, ಆದರೆ ಅಕ್ಷರ ಬಲ್ಲವರೆಲ್ಲ ಹಿಂದಿನ ಕಾಲದವರಿಗೆ ಒಂದು ಪತ್ರ ಬರೆಯಬೇಕೆಂಬ ಪದ್ಧತಿ ಇದೆ. ಮನೆಯಲ್ಲಿ ಕೂತರೆ ನನಗೆ ತಲೆನೋವು ಬರುತ್ತದೆ, ಹಾಗಾಗಿ ಗಾಡಿ ಹತ್ತಿ ಇಲ್ಲಿಂದಲೇ ಬರೆಯುತ್ತಿದ್ದೇನೆ. ನಿಮ್ಮ ಬರವಣಿಗೆಯ ಕನ್ನಡವನ್ನು ಹಠ ಹಿಡಿದು ಕಲಿತವಳು ನಾನು. ಆದರೂ ನಡುವೆ ನಮ್ಮ ಕಾಲದ ಒಂದೊಂದು ಪದ ನುಸುಳೀತು. ಹಲ್ಲಿಗೆ ಕಲ್ಲು ಸಿಕ್ಕಂತಾದರೆ ಕ್ಷಮಿಸಿ. ಊರವರ ಆಡುಮಾತು ಮಾತ್ರ ಹೆಚ್ಚೇನೂ ಬದಲಾಗಿಲ್ಲ. ಅದರಿಂದಲೇ ಇಷ್ಟೆಲ್ಲ ಫಜೀತಿಯಾಯಿತು, ಅದನ್ನು ಹೇಳುವುದಕ್ಕೇ ಈ ಪತ್ರ.

ನನ್ನ ಕೆಲಸಕ್ಕೆ ದಾರಿಗೂಗು ಎನ್ನುತ್ತಾರೆ. ನೋಡುಗಾಡಿಯಲ್ಲಿ ಡಬ್ಬಿಯಿಂದ ಡಬ್ಬಿಗೆ ನಡೆಯುತ್ತ, ಮುಂದೆ ಯಾವ ಊರು ಬರುತ್ತದೆ, ಯಾವ ಕಡೆ ಕತ್ತು ತಿರುಗಿಸಬೇಕು, ಎಲ್ಲಿ ಏನು ತಿನ್ನಬೇಕು ಎಂದು ಕೂಗಿ ಹೇಳುವುದು. ನೋಡುಗಾಡಿ ಎಂದರೆ ನೋಡುವುದಕ್ಕೆಂದೇ ಮೆಲ್ಲಗೆ ಓಡುವ ರೈಲು. ನಿಮ್ಮ ಕಾಲದಲ್ಲಿ ವೇಗವಾಗಿ ಹೋಗುವುದೇ ದೊಡ್ಡಸ್ತಿಕೆಯಾಗಿತ್ತಂತೆ. ನಮ್ಮಲ್ಲಿ ಅವಸರವಿದ್ದವರು ಆಕಾಶದಲ್ಲಿ ಹೋಗುತ್ತಾರೆ, ಹೋಗಲಿ ಪಾಪ. ನಮ್ಮ ಗಾಡಿಯ ಒಂದು ಮಗ್ಗುಲಿನ ಗೋಡೆ ಪೂರ್ತಿ ಮಡಚಿಕೊಳ್ಳುತ್ತದೆ, ಕಾಲು ಇಳಿಬಿಟ್ಟು ಕೂರಬಹುದು. ಬಗ್ಗಿ ಕೈ ಚಾಚಿದರೆ ಹಳಿ ಪಕ್ಕದ ನೇರಳೆ ಹಣ್ಣು ಸಿಗುತ್ತದೆ. ಸಿಕ್ಕಿದ್ದನ್ನು ಪಕ್ಕದವರಿಗೂ ಕೊಡಬೇಕೆಂಬುದು ಗಾಡಿಯ ನಿಯಮ. ಗಾಡಿಗೆ ಚಾಲಕರಿಲ್ಲ. ಸಮುದ್ರದ ಏರಿಳಿತದಿಂದ ಹುಟ್ಟುವ ಕರೆಂಟಿನಲ್ಲಿ ತಾನೇ ಓಡುತ್ತದೆ, ತಾನೇ ನಿಲ್ಲುತ್ತದೆ. ನಿಲ್ಲಿಸುವ ಅಧಿಕಾರ ಹಿಂದೆ ದಾರಿಗೂಗುಗಳಿಗೆ ಇತ್ತು. ನನಗಿಂತ ಮುಂಚಿನವರೊಬ್ಬರು ತಮ್ಮ ತಂಗಿಯ ಮದುವೆ ಊಟ ಮುಗಿಯುವವರೆಗೂ ಗಾಡಿಯನ್ನು ಕಾಯಿಸಿದರು. ಪ್ರಯಾಣಿಕರೆಲ್ಲ ಇಳಿದು ಊಟ ಮಾಡಿಯೇ ಹತ್ತಿದರಂತೆ, ಯಾರೂ ದೂರಲಿಲ್ಲ. ಆದರೂ ಅಧಿಕಾರ ಹೋಯಿತು.

ದಾರಿ ಹೇಗಿದೆ ಎಂದು ಹೇಳದಿದ್ದರೆ ನನ್ನ ಕೆಲಸಕ್ಕೇ ಅವಮಾನ. ಹೊಸ ಬಂದರಿನಿಂದ ಘಟ್ಟ ಹತ್ತಲು ಹೊರಟ ಏರುಗಾಡಿ ಮೊದಲು ನೀರಿನ ಮೇಲೆಯೇ ಓಡುತ್ತದೆ. ನೀವು ಓಡಾಡಿದ ಹಳಿ ಆ ನೀರಿನಡಿಯಲ್ಲಿದೆ. ಇಳಿತದ ಹೊತ್ತಿಗೆ ಹಳೆಯ ಸಿಗ್ನಲ್ ಕಂಬಗಳ ತಲೆ ಮೇಲೆದ್ದು ಕಾಣುತ್ತದೆ, ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕೂತಿರುತ್ತವೆ. ಅಲ್ಲಿಂದ ಮುಂದೆ ಚಿಪ್ಪಿನಬೇಲೆ. ಅಲ್ಲಿಯ ಹೆಂಗಸರು ಸೊಂಟಮಟ್ಟ ನೀರಿನಲ್ಲಿ ನಿಂತು ಕಾಲಿನಿಂದಲೇ ಚಿಪ್ಪು ಹುಡುಕುತ್ತಾರೆ, ಕೈಯಿಂದ ಗಾಡಿಗೆ ಟಾಟಾ ಮಾಡುತ್ತಾರೆ, ಬಾಯಲ್ಲಿ ಊರಿನ ಸುದ್ದಿ ಬೇರೆ! ಆಮೇಲೆ ಗಜನಿಕೊಡ್ಲು, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ನಂತರ ಸುರಂಗಗಳು. ಅವು ಮುಗಿದ ಕೂಡಲೇ ನನ್ನೂರು. ಅಲ್ಲಿ ಗಾಡಿ ಬಂದರೆ ಡಮಾಮಿ ಡೋಲು ಬಾರಿಸಿಯೇ ಬಾರಿಸುತ್ತಾರೆ. ಕಾಡಿನ ಜೇನು ತಂದು ಪ್ರಯಾಣಿಕರ ಅಂಗೈಗೆ ಸುರಿಯುತ್ತಾರೆ, ನೆಕ್ಕುವವರೆಗೂ ಬಿಡುವುದಿಲ್ಲ. ನನ್ನೂರು ಅಂತ ಹೊಗಳುತ್ತಿದ್ದೇನೆ ಎಂದುಕೊಳ್ಳಿ, ಅಡ್ಡಿಯಿಲ್ಲ. ಅದರಾಚೆ ಎಮ್ಮೆ ಸಾಕುವ ಗೌಳಿಗರ ಕೇರಿ, ದಡ್ಡಿ ಎನ್ನುತ್ತಾರೆ. ಅವರ ಎಮ್ಮೆಗಳು ಹಳಿಯ ಮೇಲೆ ಮಲಗಿದರೆ ಗಾಡಿಯೂ ಮರ್ಯಾದೆಯಿಂದ ಕಾಯುತ್ತದೆ. ಅಷ್ಟರಲ್ಲಿ ಕೆನೆ ಮೊಸರು ಬರುತ್ತದೆ. ಆಮೇಲೆ ಕಾಡು ತೆಳುವಾಗಿ, ಮಣ್ಣು ಕೆಂಪಿನಿಂದ ಕಪ್ಪಾಗಿ, ಆಕಾಶ ಅಗಲವಾಗಿ, ಮಾತು ದೊಡ್ಡದಾಗಿ ಬಯಲುಸೀಮೆ ಶುರುವಾಗುತ್ತದೆ. ಕೊನೆಯ ನಿಲುಗಡೆ ಸವಳಹಾಳ. ಇಷ್ಟು ವರ್ಷ ಇದೇ ದಾರಿಯಲ್ಲಿ ತಿರುಗಿದ್ದೇನೆ. ಈ ಜನರನ್ನು ನೋಡಿ ನನಗೆ ಒಂದು ದಿನವೂ ಬೇಸರ ಬಂದಿಲ್ಲ.

ಈಗ ಗಜನಿಕೊಡ್ಲು. ಉಪ್ಪುನೀರು ಬಂದು ಹೋಗುವ ಗದ್ದೆಗೆ ಗಜನಿ ಎನ್ನುತ್ತಾರೆ. ನಿಮ್ಮ ಕಾಲದಲ್ಲೂ ಅಂಥ ಗದ್ದೆಗಳಿದ್ದವು, ಅವುಗಳಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತಿದ್ದಿರಿ. ಉಪ್ಪು ಕುಡಿದೂ ತಲೆಯೆತ್ತಿ ನಿಲ್ಲುವ ಭತ್ತ ಅದು. ಕಡಲೇರಿದ ಮೇಲೆ ಉಳಿದ ತಳಿಗಳೆಲ್ಲ ಕೈಚೆಲ್ಲಿದಾಗ ನಮ್ಮ ಹೊಟ್ಟೆ ತುಂಬಿಸಿದ್ದು ಇದೇ. ಇದನ್ನು ನೀವು ಯಾರೋ ಒಂದಿಷ್ಟು ಜನ ಬಿಡದೆ ಬಿತ್ತಿಕೊಂಡು ಬಂದಿರಲ್ಲ, ನಿಮ್ಮ ಕಾಲಿಗೆ ದೊಡ್ಡ ನಮಸ್ಕಾರ. ಗಜನಿಕೊಡ್ಲಿನ ಹೊನ್ನಿ ಪಟಗಾರ ಕಗ್ಗದ ಮೊಳಕೆ ಕಟ್ಟುವುದರಲ್ಲಿ ಎತ್ತಿದ ಕೈ. ಬೀಜ ನೆನೆಸಿ, ಹುಲ್ಲು ಮುಚ್ಚಿ, ಮೇಲೆ ಕಲ್ಲು ಹೇರಿ, ಮೊಳಕೆ ಬಾಯಿ ಬಿಟ್ಟ ದಿನ ಒದ್ದೆ ಚಾಪೆಯಲ್ಲಿ ಸುತ್ತಿ ಏರುಗಾಡಿಗೆ ಏರಿಸುತ್ತಾಳೆ. ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ಹಠ. ನನಗೂ ಅವಳಿಗೂ ಜಗಳವಿಲ್ಲದ ವಾರವಿಲ್ಲ, ಅವಳಿಲ್ಲದಿದ್ದರೆ ನನಗೆ ದಾರಿ ಸಾಗುವುದೂ ಇಲ್ಲ.

ಆ ಮೊಳಕೆಗಾಗಿ ಕಾಯುವವಳು ಸವಳಹಾಳದ ಫಕೀರವ್ವ. ಕಾಲುವೆ ನೀರು ಕುಡಿದು ಕುಡಿದು ಬಯಲಿನ ಮಣ್ಣಿನಲ್ಲೂ ಉಪ್ಪು ಮೇಲೆದ್ದಿದೆ. ಜೋಳ ಬರುವುದಿಲ್ಲ, ಕಗ್ಗ ಬರುತ್ತದೆ. ಆದರೆ ಅಲ್ಲಿಯ ಒಣ ಬಿಸಿಗೆ ಬೀಜ ಸರಿಯಾಗಿ ಮೊಳೆಯುವುದಿಲ್ಲ, ಮೊಳೆತದ್ದೇ ಬೇಕು. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಕೈಗೆ ಮೊಳಕೆ ಸಿಕ್ಕರೆ ಊರಿಗೆ ವರ್ಷದ ಅನ್ನ. ಇಲ್ಲದಿದ್ದರೆ ಆ ವರ್ಷ ಗುಳೆ. ಗಾಡಿ ನಿಲ್ಲುವ ಮೊದಲೇ ಫಕೀರವ್ವ ಕೂಗುತ್ತಾಳೆ: “ಏನ್ವಾ ಜುವಾನಿ, ನನ್ನ ಮೊಳಕಿ ತಂದ್ಯೋ, ಬರೇ ನಿನ್ನ ಬಾಯಿ ತಂದ್ಯೋ?” ಈ ಫಜೀತಿಯಾಗುವವರೆಗೆ ಅವಳೂ ಹೊನ್ನಿಯೂ ಒಮ್ಮೆಯೂ ಮುಖ ನೋಡಿದವರಲ್ಲ. ಚಾಪೆಯೊಳಗೆ ಹೊನ್ನಿ ಒಣಮೀನು ಇಟ್ಟಿರುತ್ತಾಳೆ, ಖಾಲಿ ಚಾಪೆಯೊಳಗೆ ಫಕೀರವ್ವ ಅನ್ನಕ್ಕೆ ಕಲಸುವ ಶೇಂಗಾ ಹಿಂಡಿ ಕಟ್ಟಿ ಕಳಿಸುತ್ತಾಳೆ.

ಇನ್ನು ಫಜೀತಿಯ ವಿಷಯ. ಗಜನಿಕೊಡ್ಲಿನವರು ಎಲ್ಲಿಗೇ ಹೊರಟರೂ ‘ಹೋಗ್ತೇನೆ’ ಎನ್ನುವುದಿಲ್ಲ. ‘ಬತ್ತೆ’ ಎನ್ನುತ್ತಾರೆ. ಬರುತ್ತೇನೆ ಎಂದರ್ಥ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗಳು ಗಂಡನ ಮನೆಗೆ ಹೊರಟಾಗಲೂ ಬತ್ತೆ, ಬುಟ್ಟಿ ಹಿಡಿದು ಪೇಟೆಗೆ ಹೊರಟಾಗಲೂ ಬತ್ತೆ. ನೀರಿಗೆ ಇಳಿಯುವ ಊರು ಅದು. ಅಲ್ಲಿ ‘ಹೋದ’ ಎಂದರೆ ತಿರುಗಿ ಬಾರದಂತೆ ಹೋದ ಎಂದೇ. ಬಯಲಿನವರು ಹಾಗಲ್ಲ, ‘ಹೋಗಿ ಬರ್ತೀನ್ರೀ’ ಎಂದು ಎರಡನ್ನೂ ಒಟ್ಟಿಗೆ ಕಟ್ಟಿ ಹೇಳುತ್ತಾರೆ. ಕರಾವಳಿಯವರು ಆ ಮೊದಲ ಅರ್ಧವನ್ನು ಬಾಯೊಳಗೇ ಇಟ್ಟುಕೊಳ್ಳುತ್ತಾರೆ.

ನಮ್ಮ ಸಣ್ಣ ನಿಲುಗಡೆಗಳಲ್ಲಿ ಟಿಕೆಟ್ ಇಲ್ಲ, ಗೇಟೂ ಇಲ್ಲ. ಯಂತ್ರಗಳು ಮನುಷ್ಯರ ಮುಖ ನೋಡಬಾರದೆಂದು ಕಾನೂನು ಬಂದ ಮೇಲೆ ಅಲ್ಲೆಲ್ಲ ಕಿವಿಗಂಬ ನೆಟ್ಟರು. ಕಿವಿಗಂಬ ಜನರ ಮಾತು ಕೇಳಿಸಿಕೊಂಡು ಯಾರು ಹೊರಟರು, ಯಾರು ಬಂದರು ಎಂದು ರೈಲಿನ ಕಚೇರಿಯಾದ ಹಳಿಮನೆಗೆ ತಿಳಿಸುತ್ತದೆ. ಅದಕ್ಕೆ ಕನ್ನಡ ಕಲಿಸಿದ್ದು ಪುಸ್ತಕದಿಂದ. ಹೋಗು ಎಂದರೆ ಹೋಗು, ಬಾ ಎಂದರೆ ಬಾ. ಹಾಗಾಗಿ ಗಜನಿಕೊಡ್ಲಿನಿಂದ ಹೊರಟವರನ್ನೆಲ್ಲ ಅದು ಬಂದವರ ಲೆಕ್ಕಕ್ಕೆ ಸೇರಿಸಿತು. ನಿಜವಾಗಿ ಬಂದವರೂ “ಬಂದೆ ಬಂದೆ” ಎನ್ನುತ್ತಲೇ ಇಳಿಯುತ್ತಿದ್ದರಲ್ಲ! ಹಳಿಮನೆಯವರ ಕಣ್ಣಿಗೆ ಆ ಪುಟ್ಟ ಊರಿಗೆ ಜನ ಬರುತ್ತಲೇ ಇದ್ದಾರೆ, ಒಬ್ಬರೂ ಹೊರಡುತ್ತಿಲ್ಲ. ಮೊದಲು ಅವರಿಗೆ ಖುಷಿಯೇ ಆಯಿತು. ‘ಬಂದವರು ಬಿಟ್ಟು ಹೋಗಲಾರದ ಊರು’ ಎಂದು ಹೊಗಳಿ ಒಂದು ದೊಡ್ಡ ಫಲಕ ಕಳಿಸಿದರು. ಹೊನ್ನಿ ಅದನ್ನು ಮೊಳಕೆಯ ರಾಶಿಯ ಮೇಲೆ ಕಲ್ಲಿನ ಬದಲು ಹೇರಿದಳು. ಎರಡನೇ ಸಲ ಹೆಚ್ಚಿನ ಕಂಬಳಿಗಳು ಬಂದವು; ಇಷ್ಟು ಜನ ಎಲ್ಲಿ ಮಲಗುತ್ತಾರೋ ಎಂಬ ಕನಿಕರ. ಅಷ್ಟಕ್ಕೇ ನಿಂತಿದ್ದರೆ ನಗಾಡಿಕೊಂಡು ಇರುತ್ತಿದ್ದೆವು.

ಆದರೆ ಮಳೆ ಶುರುವಾಗುವ ಮುನ್ನ ಹಳಿಮನೆಯಿಂದ ಹೊಸ ನಿಯಮ ಬಂತು. ಏರುಗಾಡಿ ಇನ್ನು ಮೇಲೆ ಸಣ್ಣ ನಿಲುಗಡೆಗಳಲ್ಲಿ ಹೊರಡುವವರಿದ್ದರೆ ಮಾತ್ರ ನಿಲ್ಲುತ್ತದೆ, ಅಂದರೆ ಕಿವಿಗಂಬಕ್ಕೆ ಹೋಗುವ ಮಾತು ಕೇಳಿಸಿದರೆ ಮಾತ್ರ. ಉಳಿದ ಊರುಗಳಿಗೆ ಇದರಿಂದ ತೊಂದರೆಯಿಲ್ಲ. ಗಜನಿಕೊಡ್ಲಿನಲ್ಲಿ ಗಾಡಿ ನಿಲ್ಲುವುದೇ ಇಲ್ಲ! ಬಂದರಿಗೆ ಇಳಿಯುವ ಗಾಡಿ ಹತ್ತಿ ಸುತ್ತಿಕೊಂಡು ಬರಬಹುದಿತ್ತಲ್ಲ ಎನ್ನುತ್ತೀರಿ. ಅದು ಬಂದರಿನಲ್ಲಿ ತಂಗಿ ಮತ್ತೆ ಹೊರಡುವಷ್ಟರಲ್ಲಿ ಮೊಳಕೆ ಒಂದಕ್ಕೊಂದು ಬೇರು ಹೆಣೆದು ಕೊಳೆಯುತ್ತದೆ. ನಾನು ಹಳಿಮನೆಗೆ ಮೇಲಿಂದ ಮೇಲೆ ತಿಳಿಸಿದೆ. ‘ಪರಿಶೀಲಿಸುತ್ತೇವೆ’ ಎಂದರು. ನಿಮ್ಮ ಕಾಲದ ಮಾತುಗಳಲ್ಲಿ ಅದೊಂದನ್ನಾದರೂ ಮರೆಯಬಹುದಿತ್ತು.

ನಿಯಮ ಜಾರಿಯಾಗುವ ಮೊದಲು ಇಳಿಗಾಡಿಯಲ್ಲಿ ಹೋದಾಗ ನಾನು ಹೊನ್ನಿಗೆ ಕೈಮುಗಿದೆ. ಒಂದೇ ಒಂದು ಸಲ ‘ಹೋಗ್ತೇನೆ’ ಎಂದುಬಿಡು, ಗಾಡಿ ನಿಲ್ಲುತ್ತದೆ, ಮೊಳಕೆ ಏರಿಸು, ಮುಗಿಯಿತು ಎಂದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

“ಆ ಶಬ್ದ ನಾ ಆಡುದಿಲ್ಲ ಮಾರಾಯ್ತಿ. ನಮ್ಮ ದಡದ ಮೇಲೆ ನಿಂತು ಯಾರೂ ಆಡುದು ಬೇಡ.”

ಹಾಗಾದರೆ ಫಕೀರವ್ವನ ಊರಿನವರು ಉಪವಾಸ ಇರಲಿ ಎನ್ನುತ್ತೀಯಾ ಎಂದು ರೇಗಿದೆ. ಅವಳ ಕಣ್ಣು ತುಂಬಿತು. “ಹಾಂಗೆ ಅನ್ಬೇಡ. ನಮ್ಮ ಅಪ್ಪ ದೋಣಿ ಹತ್ತುವಾಗ ಒಂದಿನ ನಗೆಮಾತಿಗೆ ‘ಹೋಗ್ತೆ’ ಅಂದಿದ್ದ. ಇನ್ನೂ ಬರ್ಲಿಲ್ಲ. ಈಗ ನೀನೇ ಹೇಳು, ನಾ ಎಂತ ಮಾಡುದು?” ಮುಗಿದ ಕೈ ಇಳಿಸಿ ಗಾಡಿ ಹತ್ತಿದೆ.

ಮೊಳಕೆ ಬಾಯಿ ಬಿಟ್ಟ ದಿನ ಏರುಗಾಡಿಯಲ್ಲಿ ನಾನೇ ಇದ್ದೆ. ಬೆಳಗಿನ ಬಿಸಿಲು, ಹಿಂದಿನ ದಿನದ ಮಳೆಗೆ ಗಜನಿಯೆಲ್ಲ ಹೊಳೆಯುತ್ತಿತ್ತು. ಬಯಲಿನಲ್ಲೂ ಮಳೆ ಬಿದ್ದ ಸುದ್ದಿ ಬಂದಿತ್ತು. ದೂರದಿಂದಲೇ ಕಂಡಿತು: ಇಡೀ ಊರು ಒದ್ದೆ ಚಾಪೆಗಳನ್ನು ಹೊತ್ತು ನಿಲುಗಡೆಯಲ್ಲಿ ನಿಂತಿದೆ. ನಾನು ಪ್ರಯಾಣಿಕರಿಗೆಲ್ಲ ವಿಷಯ ಹೇಳಿದೆ. ಅವರೂ ಗೋಡೆ ಮಡಚಿ ಅಂಚಿಗೆ ಬಂದು ಕೂತರು. ನಿಲುಗಡೆಯ ಮಂದಿ “ಬತ್ತೆವು! ಬತ್ತೆವು!” ಎಂದು ಕೂಗಿದರು. ಕಂಬ ಕೇಳಿಸಿಕೊಂಡಿತು, ಬಂದವರ ಲೆಕ್ಕಕ್ಕೆ ಬರೆದುಕೊಂಡಿತು, ಗಾಡಿ ನಿಲ್ಲಲಿಲ್ಲ. ನಮ್ಮ ಗಾಡಿ ಮೆಲ್ಲಗಿನದು ಎಂದೆನಲ್ಲ, ಅದೇ ದೊಡ್ಡ ಹಿಂಸೆಯಾಯಿತು. ಒಬ್ಬೊಬ್ಬರ ಮುಖವೂ ನಮ್ಮೆದುರು ನಿಧಾನಕ್ಕೆ ಹಾದು ಹೋಗುತ್ತಿತ್ತು. ಜನ ಚಾಪೆ ಹೊತ್ತು ಗಾಡಿಯ ಜೊತೆಗೇ ಓಡತೊಡಗಿದರು. ನಾವು ಕೈ ಚಾಚಿದೆವು. ಒದ್ದೆ ಚಾಪೆ ಭಾರ, ಜಾರುತ್ತದೆ; ಒಂದು ಕೈಗೆ ಸಿಕ್ಕಿ ಮತ್ತೆ ಜಾರಿ ಹಳಿಯ ಪಕ್ಕ ಬಿದ್ದು ಬಿಚ್ಚಿಕೊಂಡಿತು. ಬಿಳಿ ಮೊಳಕೆಯೆಲ್ಲ ಜಲ್ಲಿಯ ಮೇಲೆ ಚೆಲ್ಲಿತು.

ಅದನ್ನು ಕಂಡು ಹೊನ್ನಿ ನಿಂತುಬಿಟ್ಟಳು. ತಲೆಯ ಮೇಲಿನ ಚಾಪೆ ಇಳಿಸಿದಳು, ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಗಾಡಿಯ ಬೆನ್ನಿಗೆ ಮುಖ ಮಾಡಿ ಆ ದೊಡ್ಡ ಗಂಟಲು ಬಿಟ್ಟಳು:

“ಹಾಳಾಗಿ ಹೋಗು ನೀನು! ನಿನ್ನ ಚಕ್ರ ಸವೆದು ಹೋಗ್ಲಿ! ಹೋಗು, ಹೋಗು, ಹೋಗು ಅತ್ಲಾಗೆ!”

ಗಾಡಿ ನಿಂತಿತು.

ಕಂಬಕ್ಕೆ ಬೈಗುಳ ಗೊತ್ತಿಲ್ಲ, ಹೋಗುವ ಮಾತು ಗೊತ್ತು. ಒಂದಲ್ಲ, ಸಾಲುಸಾಲಾಗಿ ಬಿದ್ದಿವೆ! ಇಷ್ಟು ದೊಡ್ಡ ಗುಂಪು ಹೊರಟಿದೆಯೆಂದು ಗಾಡಿ ನಿಂತದ್ದಷ್ಟೇ ಅಲ್ಲ, ವಿನಯದಿಂದ ಹಿಂದಕ್ಕೂ ಸರಿದು ಎಲ್ಲ ಬಾಗಿಲುಗಳನ್ನೂ ತೆರೆಯಿತು. ಆಮೇಲೆ ನಗು ಎದ್ದಿತು ನೋಡಿ, ನಾನಂತೂ ಹೊಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತೆ. ಪ್ರಯಾಣಿಕರು ಇಳಿದು ಸಾಲು ನಿಂತು ಚಾಪೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಚೆಲ್ಲಿದ ಮೊಳಕೆಯನ್ನೂ ಬಳಿದು ತುಂಬಿದರು. ಹೊನ್ನಿ ತಾನೂ ಹತ್ತಿದಳು. ಇಷ್ಟೆಲ್ಲ ಆದ ಮೇಲೆ ಮೊಳಕೆಯನ್ನು ನನ್ನ ಕೈಗೆ ಕೊಟ್ಟು ನಂಬುವ ಹೆಂಗಸಲ್ಲ ಅವಳು. ಗಾಡಿ ಹೊರಟಾಗ ದಡದತ್ತ ತಿರುಗಿ, ದನಿ ತಗ್ಗಿಸಿ, “ಬತ್ತೆ ಹಾಂ” ಎಂದಳು.

ಸವಳಹಾಳದಲ್ಲಿ ಫಕೀರವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇಕಿನ ಏನು ಹೊನ್ನಿ? ಮೀನು ಕಳಿಸಿದ್ದಕ್ಕ ದಪ್ಪ ಇರ್ತಿ ಅನ್ಕೊಂಡಿದ್ನೆವಾ!” ಎಂದು ತಬ್ಬಿಕೊಂಡಳು. ಸಂಜೆಯೊಳಗೆ ಕರಿಮಣ್ಣಿಗೆ ಮೊಳಕೆ ಬಿತ್ತು.

ಮರುವಾರ ಹಳಿಮನೆಯ ಹಿರಿಯ ಇರ್ಷಾದ ಬಳಿಗಾರ ಸ್ವತಃ ಗಜನಿಕೊಡ್ಲಿಗೆ ಬಂದರು. ಗಾಡಿ ಹಿಂದಕ್ಕೆ ಸರಿದದ್ದೇಕೆ ಎಂದು ವಿಚಾರಿಸಲು ಬಂದವರು ಕಥೆಯೆಲ್ಲ ಕೇಳಿ ಹಣೆ ಚಚ್ಚಿಕೊಂಡು ನಕ್ಕರು. “ಅಲ್ರೀ, ನಮ್ಮವ್ವ ಸುದ್ದಾ ಬಾಗಿಲದಾಗ ನಿಂತು ಬರೇ ಹೋಗ್ತೀನಿ ಅಂದಾಕಿ ಅಲ್ಲ. ಕಂಬಕ್ಕ ಇದನ್ನ ಹೇಳಿಕೊಡೂದು ನಮಗ್ಯಾರಿಗೂ ಹೊಳೀಲೇ ಇಲ್ಲಲ್ರೀ!” ಎಂದರು. ಹೇಳಿಕೊಡಲು ಒಂದಿಬ್ಬರ ದನಿ ಸಾಲದು, ನೂರಾರು ದನಿ ಬೇಕು. ಊರವರನ್ನು ಕಂಬದೆದುರು ನಿಲ್ಲಿಸಿದರೆ ಎಲ್ಲರೂ ಮದುವೆ ಫೋಟೊಕ್ಕೆ ನಿಂತವರಂತೆ ಬಿಗಿದುಕೊಂಡರು. ಕೊನೆಗೆ ನಿಮ್ಮ ದನಿಗಳನ್ನು ತೆಗೆಸಬೇಕಾಯಿತು. ನಿಮ್ಮ ಫೋನುಗಳಲ್ಲಿ ಉಳಿದ ಮಾತುಗಳು ನಮ್ಮಲ್ಲಿ ಜೋಪಾನವಾಗಿವೆ.

ಹೊನ್ನಿಯೂ ನಾನೂ ಕೂತು ಕೇಳಿದೆವು. ರೈಲಿನ ಗದ್ದಲ, ಚಹಾ ಮಾರುವವರ ಕೂಗು, ನಡುವೆ ನೀವು. ‘ಬರ್ತೀನಮ್ಮ.’ ‘ಬರ್ಲಾ?’ ‘ಬತ್ತೆ, ಬಾಗ್ಲು ಸಮಾ ಹಾಕ್ಕೊ, ಬೆಕ್ಕಿಗೆ ಹಾಲಿಡು.’ ಪ್ರತಿ ದನಿಯೂ ಗಾಡಿಯ ಜೊತೆ ಸಣ್ಣದಾಗುತ್ತ ದೂರವಾಗುತ್ತಿತ್ತು. ಒಬ್ಬರೂ ಹೋಗ್ತೇನೆ ಎನ್ನಲಿಲ್ಲ. ಅವರ ಊರುಗಳ ಹೆಸರು ಕೇಳುತ್ತ ಕೇಳುತ್ತ ನನಗೆ ತಡೆಯಲಾಗಲಿಲ್ಲ, ಹೆಚ್ಚಿನವು ಈಗ ನೀರಿನಡಿ. ಬರುತ್ತೇನೆ ಎಂದವರು ಎಷ್ಟೋ ಜನ ಬರಲೇ ಇಲ್ಲವಲ್ಲೇ ಎಂದು ಅತ್ತೆ. ಹೊನ್ನಿ ನನ್ನ ಬೆನ್ನಿಗೊಂದು ಗುದ್ದಿದಳು.

“ಬಂದ್ರಲ್ಲ ಮಾರಾಯ್ತಿ. ನಾವ್ಯಾರು ಮತ್ತೆ?”

ಈಗ ಕಂಬಕ್ಕೆ ಬತ್ತೆ ಎಂದರೆ ಹೊರಡುವುದೆಂದು ಗೊತ್ತು. ನಿಮ್ಮಿಂದ ಕಲಿತದ್ದು. ಆದರೂ ಮೊಳಕೆ ಏರಿಸುವ ದಿನ ಗಜನಿಕೊಡ್ಲಿನವರು ಗಾಡಿಯನ್ನು ಬೈದೇ ನಿಲ್ಲಿಸುತ್ತಾರೆ, ಅದನ್ನು ಕೇಳುವುದಕ್ಕೇ ದೂರದೂರದಿಂದ ಜನ ಬರುತ್ತಾರೆ. ನಾನೂ ಅಂದು ಕೂಗುತ್ತೇನೆ: ಎಡಕ್ಕೆ ತಿರುಗಿ, ಕಿವಿ ತೆರೆದಿಡಿ, ಒಳ್ಳೆಯ ಬೈಗುಳ ಬರುತ್ತದೆ!

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಸಣ್ಣ ಊರುಗಳಲ್ಲಿ ರೈಲು ನಿಲ್ಲಲಿ. ಒಬ್ಬರೇ ನಿಂತಿದ್ದರೂ ನಿಲ್ಲಲಿ. ಕಗ್ಗವನ್ನು ಬಿಡಬೇಡಿ. ಮನೆಯಿಂದ ಹೊರಡುವಾಗ, ಎಷ್ಟೇ ಅವಸರವಿದ್ದರೂ, ಆ ಒಂದು ಮಾತನ್ನು ಬಾಯಿ ತುಂಬ ಹೇಳಿಯೇ ಹೊರಡಿ. ಅದನ್ನು ಇಲ್ಲಿ ಕೇಳಿಸಿಕೊಳ್ಳುವವರಿದ್ದೇವೆ.

ಗಜನಿಕೊಡ್ಲು ಬಂತು. ಹೊನ್ನಿ ಕೈ ಬೀಸುತ್ತಿದ್ದಾಳೆ, ನಾನು ಏಳಬೇಕು. ನೀವು ಇದನ್ನು ಓದುವ ಹೊತ್ತಿಗೆ ನಾನು ಹುಟ್ಟಿಲ್ಲ, ನನ್ನಜ್ಜಿಯೂ ಹುಟ್ಟಿಲ್ಲ. ಹಾಗಾಗಿ ಹೊರಡುವಾಗ ಎಲ್ಲರೂ ಆಡುವ ಮಾತು ನನ್ನ ಮಟ್ಟಿಗೆ ಇದ್ದದ್ದು ಇದ್ದ ಹಾಗೇ ನಿಜ.

ಬತ್ತೆ ಹಾಂ.